ಗಿಡ್ಡಭೂತಕ್ಕೆ ಹೆಸರಿಟ್ಟ ಗುರುವಾರ

ಇಪ್ಪತ್ತು ಮುಖದ ದಾಳ ಒಂದಕ್ಕೆ ಬಿತ್ತು.

"ಅಯ್ಯೋ ಪಾಪ!" ಎಂದು ಮೂವರೂ ಒಟ್ಟಿಗೇ ಕೂಗಿದರು. ಆ ದನಿಯಲ್ಲಿ ಮರುಕ ಎಳ್ಳಷ್ಟೂ ಇರಲಿಲ್ಲ. ಮೂರೂ ಮುಖಗಳು ಹಬ್ಬದೂಟಕ್ಕೆ ಕೂತವರ ಮುಖದ ಹಾಗೆ ಅರಳಿದ್ದವು.

"ಕುಬ್ಜ ಡಮ್ಕಿನ್ ಕೊಡಲಿ ಎತ್ತಿದ," ಎಂದಳು ಮೇಜಿನ ತುದಿಯಲ್ಲಿ ಕೂತು ಆಟ ನಡೆಸುತ್ತಿದ್ದ ಹೆಟ್ಟಿ. "ಎತ್ತಿದ, ಬೀಸಿದ, ಕೈಬಿಟ್ಟ. ಕೊಡಲಿ ಡ್ರ್ಯಾಗನ್ನಿನ ದವಡೆಹಲ್ಲಿನ ಕಡೆ ಹೊರಟಿತು. ಅರ್ಧ ದಾರೀಲಿ ಅದಕ್ಕೆ ಮನಸ್ಸು ಬದಲಾಯ್ತು. ವಾಪಸ್ ಬಂದು ಯಜಮಾನನ ಗಡ್ಡ ನುಣ್ಣಗೆ ಬೋಳಿಸಿ, ಏನೂ ಆಗಿಲ್ಲ ಅನ್ನೋ ಹಾಗೆ ಮೂಲೇಲಿ ನಿಂತ್ಕೊಂಡಿತು."

ಕುಬ್ಜ ಡಮ್ಕಿನ್ ಅಂದರೆ ನಾನೇ. ನೆರಿಡಾ ಫಾಯಲ್, ಹೋಬಾರ್ಟ್ ಪೊಲೀಸ್ ಸಾರ್ಜೆಂಟ್. ಕಳ್ಳರನ್ನು, ಕುಡುಕರನ್ನು, ಒಮ್ಮೆ ಒಬ್ಬ ನಕಲಿ ಪಾದ್ರಿಯನ್ನೂ ಹಿಡಿದವಳು. ಈ ಶನಿವಾರ ಬೆಳಗ್ಗೆ ಮೂನಾ ಬಡಾವಣೆಯ ಒಂದು ತಗಡಿನ ಶೆಡ್ಡಿನಲ್ಲಿ, ಗಡ್ಡ ಕಳೆದುಕೊಂಡ ಕುಬ್ಜನಾಗಿ ಕೂತಿದ್ದೆ.

ಶೆಡ್ಡು ಮರ್ವಿನ್ ಟ್ರಾಸ್ಕ್‌ನದು. ಬುಧವಾರ ಇದೇ ಮೇಜಿನ ಮೇಲೆ ಆಟ ಆಡಿಸಿ ಗೆಳೆಯರನ್ನು ಕಳಿಸಿಕೊಟ್ಟ ಮರ್ವಿನ್ ಅಲ್ಲಿಂದೀಚೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮರ್ವಿನ್ ಟ್ರಾಸ್ಕ್ ಎಂದರೆ ನಮ್ಮ ಊರಿನಲ್ಲಿ ಸಾಮಾನ್ಯ ಹೆಸರಲ್ಲ. ವಾರವಾರವೂ ಈ ಮೇಜಿನ ಮೇಲೆ ನಡೆದ, ಒಬ್ಬ ಕಥೆ ಕಟ್ಟಿ ಉಳಿದವರು ಪಾತ್ರಗಳಾಗಿ ದಾಳ ಉರುಳಿಸುವ ಆಟವೇ 'ಮುರುಕು ಕತ್ತಿಯ ಮೂವರು' ಎನ್ನುವ ಕಾದಂಬರಿ ಮಾಲೆಯಾಗಿ ಹೊರಬಂದು, ಓದಿದವರನ್ನು ಬಸ್ಸಿನಲ್ಲಿ ಒಬ್ಬೊಬ್ಬರೇ ನಗುವ ಹುಚ್ಚರನ್ನಾಗಿ ಮಾಡಿತ್ತು. ಆರು ಪುಸ್ತಕ ಬಂದಿದ್ದವು. ಏಳನೆಯದು ಈ ಸಂಜೆ ನಗರದ ಸಭಾಂಗಣದಲ್ಲಿ ಬಿಡುಗಡೆ. ಆಮೇಲೆ ವೇದಿಕೆಯ ಮೇಲೇ, ಜನರ ಮುಂದೆ, ಬುಧವಾರ ನಿಂತ ಆಟ ಮುಂದುವರಿಯಬೇಕಿತ್ತು. ಸಿಡ್ನಿಯಿಂದ, ಪರ್ತ್‌ನಿಂದ ಅಭಿಮಾನಿಗಳು ಬಂದಿಳಿದಿದ್ದರು. ಬೆಳಗ್ಗೆ ಬರುವಾಗ ನೋಡಿದೆ: ಮಾಂಸದ ಪೈ ತಿನಿಸು ಮಾರುವ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತವರಲ್ಲಿ ಅರ್ಧ ಜನಕ್ಕೆ ಚೂಪು ಟೋಪಿ, ಇನ್ನರ್ಧ ಜನಕ್ಕೆ ಹತ್ತಿಯ ಗಡ್ಡ.

ಮದುಮಗನೇ ಇಲ್ಲದ ಮದುವೆ ಮನೆಯ ಹಾಗಿತ್ತು ಊರು.

ಕೊನೆಯ ಸಲ ಅವನನ್ನು ಕಂಡವರು ಈ ಮೂವರು. ಮೂವರೂ ಹೇಳಿದ್ದು ಒಂದೇ ಮಾತು: "ಬುಧವಾರ ಆದ್ಮೇಲೆ ನೋಡಿಲ್ಲ." ಠಾಣೆಯಲ್ಲಿ ಕೂರಿಸಿ ಕೇಳಿದರೆ ಜನ ತೂಗಿ ತೂಗಿ ಮಾತಾಡುತ್ತಾರೆ. ಆಟಕ್ಕೆ ಕೂರಿಸಿದರೆ ಮೈಮರೆಯುತ್ತಾರೆ. ಅದಕ್ಕೇ ಬುಧವಾರ ನಿಂತ ಜಾಗದಿಂದಲೇ ಆಟ ಮುಂದುವರಿಸಿ ಎಂದು ನಾನೇ ಹೇಳಿದ್ದೆ.

ಆಟ ನಡೆಸುವವರು ಬೇಕಿತ್ತಲ್ಲ. "ನಾನು ನಡೆಸ್ತೀನಿ ಬಿಡಿ," ಎಂದಿದ್ದಳು ಹೆಟ್ಟಿ. ಮರ್ವಿನ್‌ನ ತಂಗಿ. ಮನೆಯವರ ಸುದ್ದಿಯನ್ನು ಅವನು ಎಂದೂ ಎತ್ತದ್ದರಿಂದ ಮೂವರೂ ಅವಳನ್ನು ಕಂಡದ್ದು ಈಗಲೇ. ಅಣ್ಣ ಫೋನು ಎತ್ತುತ್ತಿಲ್ಲವೆಂದು ಬರ್ನಿ ಊರಿನಿಂದ ಧಾವಿಸಿ ಬಂದು ನಮಗೆ ದೂರು ಕೊಟ್ಟವಳೇ ಅವಳು. ದಪ್ಪ ಕನ್ನಡಕ, ಕೈಯಲ್ಲಿ ಸದಾ ಅಣ್ಣನ ಮಾತ್ರೆಯ ಶೀಶೆ. "ಅವನ ಹಾರ್ಟು ಸರಿಯಿಲ್ಲ ಸಾರ್ಜೆಂಟ್. ಇದನ್ನ ಬಿಟ್ಟು ಹೋಗಿದಾನೆ. ಎಷ್ಟು ದಿನ ತಡ್ಕೊಳ್ತಾನೋ," ಎಂದು ಅವಳು ಅತ್ತಾಗ ನಾನು ಬೇರೇನೂ ವಿಚಾರಿಸದೆ ದೂರು ಬರೆದುಕೊಂಡಿದ್ದೆ.

"ಮುಂದೆ?" ಎಂದೆ.

"ಮುಂದೇನು, ಗಡ್ಡ ಹೋಯ್ತು, ಮಾನ ಹೋಯ್ತು," ಎಂದಳು ಪ್ರೂ ಲಿಂಡ್‌ಕ್ವಿಸ್ಟ್. ಪ್ರೂ ಹಲ್ಲಿನ ಡಾಕ್ಟರು. ಆಟದಲ್ಲಿ ಅವಳು ಹೆಸ್ಟರ್ ಎಂಬ ಕಳ್ಳಿ. ಮಲಗಿದವರ ಬಾಯಿಂದ ಚಿನ್ನದ ಹಲ್ಲು ಕದಿಯುವುದರಲ್ಲಿ ಎತ್ತಿದ ಕೈ. "ನನ್ ಸರದಿ. ಗಲಾಟೇಲಿ ನಾನು ಮೆಲ್ಲಗೆ ಆ ದವಡೆಹಲ್ಲಿನ ಹತ್ರ ಜಾರ್ತೀನಿ. ಚಿನ್ನದ್ದಾ ಅದು?"

"ಅಲ್ಲಮ್ಮಾ, ಡ್ರ್ಯಾಗನ್ನಿನ ಬಾಯೊಳಗೆ ನಿಂತಿದೀವಿ ಅನ್ನೋದೇ ನಿನಗೆ ಲೆಕ್ಕಕ್ಕಿಲ್ಲ, ಹಲ್ಲೇ ಕಾಣ್ತಿದೆ," ಎಂದ ಓಸ್ವಿನ್ ಬ್ಯಾಗಟ್.

ನಿಜ. ಬುಧವಾರದ ಆಟದಲ್ಲಿ ಇವರು ಮಳೆಗೆ ಆಸರೆಯೆಂದು ಒಂದು ಗುಹೆ ಹೊಕ್ಕಿದ್ದರು. ಗುಹೆಯೊಳಗೊಂದು ಹೋಟೆಲು. ಹೋಟೆಲು ನಡೆಸುವವನು ಒಬ್ಬ ಗಿಡ್ಡಭೂತ. ನೆಲ ಯಾಕೋ ಮೆತ್ತಗಿದೆ, ಗೋಡೆ ಯಾಕೋ ಒದ್ದೆಯಾಗಿದೆ ಎಂದುಕೊಳ್ಳುವಷ್ಟರಲ್ಲಿ ಗುಹೆ ಆಕಳಿಸಿತ್ತು. ಅಲ್ಲಿಗೆ ಮರ್ವಿನ್ ಆಟ ನಿಲ್ಲಿಸಿದ್ದ.

ಓಸ್ವಿನ್ ನಿವೃತ್ತ ಹೆಡ್‌ಮಾಸ್ಟರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ಬಿಳಿಗೂದಲು, ಇರುವೆಗೂ ಕ್ಷಮೆ ಕೇಳಿ ದಾರಿ ಬಿಡುವ ಮನುಷ್ಯ. ಆಟದಲ್ಲಿ ಮಾತ್ರ ಅವನು ಗ್ರುಂಕ್ ಎಂಬ ಕಾಡುಮನುಷ್ಯ, ಬಾಗಿಲು ಕಂಡರೆ ಗುದ್ದುವವನು. ಸಂಜೆಯ ಕಾರ್ಯಕ್ರಮಕ್ಕೆಂದು ಈಗಲೇ ಹೆಗಲ ಮೇಲೆ ಕುರಿಯ ತುಪ್ಪಳ ಹೊದ್ದು ಕೂತಿದ್ದ.

"ಗ್ರುಂಕ್ ಏನ್ ಮಾಡ್ತಾನೆ?" ಎಂದು ಹೆಟ್ಟಿ ಕೇಳಿದಳು.

"ಗ್ರುಂಕ್ ಅಂಗುಳಕ್ಕೆ ಗುದ್ದುತ್ತಾನೆ," ಎಂದ ಓಸ್ವಿನ್ ಅತ್ಯಂತ ವಿನಯದಿಂದ.

ದಾಳ ಉರುಳಿತು. ಹತ್ತೊಂಬತ್ತು! ಮೇಜು ಗುದ್ದಿ ಎಲ್ಲರೂ ಕೂಗಿದೆವು. ಹೌದು, ನಾನೂ.

"ಡ್ರ್ಯಾಗನ್ನಿಗೆ ಸೀನು ಬಂತು," ಎಂದಳು ಹೆಟ್ಟಿ, ದನಿ ತಗ್ಗಿಸಿ. "ದೂರದಿಂದ, ಹೊಟ್ಟೆಯ ಆಳದಿಂದ, ಒಂದು ಬಿಸಿಗಾಳಿ ಏಳ್ತಾ ಇದೆ. ಹೋಟೆಲಿನ ತಟ್ಟೆಗಳು ನಡುಗ್ತಾ ಇವೆ. ಗಿರಾಕಿಗಳೆಲ್ಲ ಬಿಲ್ ಕೊಡದೆ ಓಡಕ್ಕೆ ಇದಕ್ಕಿಂತ ಒಳ್ಳೇ ಸಮಯ ಇಲ್ಲ ಅಂತ ಒಬ್ಬರ ಮುಖ ಒಬ್ಬರು ನೋಡ್ಕೋತಿದಾರೆ."

"ಏನ್ ಹೇಳ್ತೀಯಮ್ಮಾ ನೀನು!" ಪ್ರೂ ಕಣ್ಣೀರು ಒರೆಸಿಕೊಂಡು ನಕ್ಕಳು. "ಮರ್ವಿನ್ನೂ ಇಷ್ಟು ಚೆನ್ನಾಗಿ ಹೇಳಲ್ಲ. ಅವನು ಆಟ ಆಡಿಸುವಾಗ ಬರೀ ಉಗುಳು ನುಂಗ್ತಾನೆ. ಅದೇ ಪುಸ್ತಕದಲ್ಲಿ ಓದಿದ್ರೆ ಬೇರೆ ಮನುಷ್ಯನೇ."

"ಮನೆತನದ ವಿದ್ಯೆ," ಎಂದು ಹೆಟ್ಟಿ ಕನ್ನಡಕ ಸರಿಮಾಡಿಕೊಂಡಳು. "ಬೇಗ ಹೇಳಿ! ಸೀನು ಬಂದೇಬಿಡ್ತು! ಮಾಂತ್ರಿಕ ಏನ್ ಮಾಡ್ತಾನೆ?"

ಮಾಂತ್ರಿಕನೆಂದರೆ ಕ್ಲೆಮ್ ಹಾರ್ವುಡ್. ಕಡಲಲ್ಲಿ ಮುಳುಗಿ ಚಿಪ್ಪುಮೀನು ಕೀಳುವ ಕಸುಬಿನವನು. ಕಂಬದಂಥ ಆಳು, ಉಪ್ಪುನೀರಿಗೆ ಬೆಂದ ಮುಖ. ಆಟದಲ್ಲಿ ಮಾತ್ರ ನೀರು ಕಂಡರೆ ಹೆದರುವ, ಮಂತ್ರ ಮರೆಯುವ ಮುದುಕ ಮಾಂತ್ರಿಕ. ಎರಡು ದಿನದಿಂದ ನನ್ನ ಮುಂದೆ ಮೂರು ಮಾತಿಗಿಂತ ಹೆಚ್ಚು ಆಡಿರಲಿಲ್ಲ. ಈಗ ಅವನೂ ಕುರ್ಚಿಯಿಂದ ಅರ್ಧ ಎದ್ದಿದ್ದ. ನೀಲಿ ಟೋಪಿ ಕಿವಿಯ ಮೇಲೆ ವಾಲಿತ್ತು.

"ಹೊರಗೆ ಓಡಲ್ಲ! ಯಾರೂ ಓಡಬೇಡಿ!" ಎಂದು ಅವನು ಕೂಗಿದ. "ಆ ಹೋಟೆಲಿನವನನ್ನ ಹಿಡೀರಿ! ಕಾಳುಮೆಣಸಿನ ಮೂಟೆ ಎಲ್ಲಿಟ್ಟಿದಾನೋ ಅವನಿಗೇ ಗೊತ್ತು. ಲೋ, ಉಪ್ಪಿನಕಾಯಿ ಪರ್ಸಿವಲ್! ಮೆಣಸು ತಾರೋ! ಒಂದೇ ಸೀನಿಗೆ ಎಲ್ರೂ ಆಚೆ ಬೀಳೋಣ!"

ಪ್ರೂ ಚಪ್ಪಾಳೆ ತಟ್ಟಿದಳು. ಓಸ್ವಿನ್ "ಭಲೇ" ಎಂದ. ಹೆಟ್ಟಿ ದಾಳ ಅವನ ಕೈಗಿತ್ತಳು.

ನಾನು ಮಾತ್ರ ಆ ಹೆಸರಿಗೆ ತಟ್ಟನೆ ತಲೆಯೆತ್ತಿದೆ.

ಉಪ್ಪಿನಕಾಯಿ ಪರ್ಸಿವಲ್.

ನಿನ್ನೆ ಸಂಜೆ ಸಭಾಂಗಣದ ಪರದೆ ಬರೆಯುವ ಚಿತ್ರಗಾರ್ತಿ ಠಾಣೆಗೆ ಬಂದಿದ್ದಳು. ಅವಳ ಫೋನಿನಲ್ಲಿ ಮರ್ವಿನ್ ತನ್ನ ದನಿಯಲ್ಲೇ ಬಿಟ್ಟ ಒಂದು ಮಾತು ಉಳಿದಿತ್ತು; ಅದನ್ನು ನನ್ನ ಫೋನಿಗೂ ಹಾಕಿಸಿಕೊಂಡಿದ್ದೆ. ಗುರುವಾರ ಬೆಳಗ್ಗೆ ಬಿಟ್ಟದ್ದು. ಆ ಮಾತು ನನ್ನ ಹೊರತು ಇನ್ನಾರಿಗೂ ಗೊತ್ತಿರಲಿಲ್ಲ. ಬಾಯಿಬಿಡಬೇಡವೆಂದು ಅವಳಿಗೂ ಹೇಳಿ ಕಳಿಸಿದ್ದೆ.

ನಾನು ಆಟ ಕೆಡಿಸಲಿಲ್ಲ. ಕ್ಲೆಮ್ ದಾಳ ಹಾಕಿದ. ಹನ್ನೆರಡು. ಡ್ರ್ಯಾಗನ್ ಸೀನಿತು. ಮೂವರೂ ಒಬ್ಬ ಬೋಳು ಕುಬ್ಜನೊಂದಿಗೆ ಆಕಾಶಕ್ಕೆ ಹಾರಿ ಒಂದು ಹಂದಿಗೂಡಿನ ಮೇಲೆ ಬಿದ್ದರು. ನಗು ಇಳಿಯುವವರೆಗೂ ಕಾದೆ.

"ಪ್ರೂ, ಆ ಹೋಟೆಲಿನ ಗಿಡ್ಡಭೂತಕ್ಕೆ ಬುಧವಾರ ಏನು ಹೆಸರಿತ್ತು?"

"ಅದಕ್ಕೆಲ್ಲಿತ್ತು ಹೆಸರು? ನಾನೇ ಕೇಳಿದ್ದೆ. ಮರ್ವಿನ್ ತಲೆ ಕೆರ್ಕೊಂಡು 'ಹೊಳೀತಿಲ್ಲ, ಶನಿವಾರ ವೇದಿಕೆ ಮೇಲೆ ಹೇಳ್ತೀನಿ' ಅಂದ."

"ಹೌದು, ಹಾಗಂದ," ಎಂದ ಓಸ್ವಿನ್. "ಹೊಳೆಯುತ್ತಿಲ್ಲ ಅನ್ನಬೇಕು, ಹೊಳೀತಿಲ್ಲ ಅಲ್ಲ."

"ಸುಮ್ನಿರು ಮೇಷ್ಟ್ರೇ."

ನಾನು ಕ್ಲೆಮ್ ಕಡೆ ತಿರುಗಿದೆ. "ನಿನಗೆ ಯಾರು ಹೇಳಿದ್ದಪ್ಪಾ ಆ ಹೆಸರು?"

"ಯಾವ ಹೆಸರು?"

"ಉಪ್ಪಿನಕಾಯಿ ಪರ್ಸಿವಲ್."

"ಓ ಅದಾ." ಅವನು ಟೋಪಿ ಸರಿಮಾಡಿಕೊಂಡ. "ಬಾಯಿಗೆ ಬಂತು, ಅಂದೆ. ಆಟ ಅಲ್ವಾ? ಏನೋ ಒಂದು ಹೆಸರು."

ನಾನು ಫೋನು ತೆಗೆದು ಮೇಜಿನ ಮಧ್ಯೆ, ದಾಳಗಳ ಪಕ್ಕ ಇಟ್ಟು ಗುಂಡಿ ಒತ್ತಿದೆ. ಮರ್ವಿನ್‌ನ ದನಿ ತಗಡಿನ ಶೆಡ್ಡಿನಲ್ಲಿ ಗುಂಯ್‌ಗುಟ್ಟಿತು:

"ಗುಡ್ ಮಾರ್ನಿಂಗ್ ಕಣಮ್ಮಾ. ರಾತ್ರಿಯೆಲ್ಲ ಯೋಚ್ನೆ ಮಾಡಿದೆ. ಈಗ ಹಲ್ಲುಜ್ಜುವಾಗ ಹೊಳೀತು. ಹೋಟೆಲಿನ ಗಿಡ್ಡಭೂತ, ಉಪ್ಪಿನಕಾಯಿ ಪರ್ಸಿವಲ್! ಪರದೆ ಮೇಲೆ ದೊಡ್ಡದಾಗಿ ಬರಿ. ಯಾರಿಗೂ ಹೇಳಬೇಡ, ಶನಿವಾರ ಸಂಜೆವರೆಗೂ ಗುಟ್ಟು."

ಪ್ರೂ ನಗು ಬಿಟ್ಟು ಕ್ಲೆಮ್ ಕಡೆ ತಿರುಗಿದಳು.

"ಗುರುವಾರ ಬೆಳಗ್ಗೆ ಹುಟ್ಟಿದ ಹೆಸರು ಇದು," ಎಂದೆ. "ನೀನು ಬುಧವಾರದಿಂದ ಅವನನ್ನ ನೋಡಿಲ್ಲ ಅಂತ ನನ್ನ ಮುಂದೆ ಹೇಳಿದೀಯ. ಎರಡರಲ್ಲಿ ಒಂದು ಸುಳ್ಳು, ಕ್ಲೆಮ್."

ಅವನ ದೊಡ್ಡ ಕೈಗಳು ಮೇಜಿನ ಕೆಳಗೆ ಸರಿದವು. ಕತ್ತು ಕೆಂಪಾಯಿತು.

"ಕ್ಲೆಮ್ಮೀ," ಎಂದಳು ಪ್ರೂ, ಮೆಲ್ಲಗೆ. "ಏನೋ ಇದು?"

"ನನ್ನ ಏನೂ ಕೇಳಬೇಡಿ."

"ಕೇಳದೆ ಬಿಡ್ತೀನಾ?" ಎಂದೆ. "ನಿನ್ನ ಹತ್ರ ದೋಣಿಯಿದೆ. ಒಬ್ಬ ಮನುಷ್ಯ ಕಾಣೆಯಾಗಿದಾನೆ. ಕಡೆಗೆ ಅವನ ಜೊತೆ ಇದ್ದವನು ನೀನು. ನಾನು ಏನಂತ ತಿಳ್ಕೊಳ್ಳಲಿ?"

"ಏನ್ ಬೇಕಾದ್ರೂ ತಿಳ್ಕೊಳ್ಳಿ!" ಅವನು ಎದ್ದೇಬಿಟ್ಟ. ಕುರ್ಚಿ ಹಿಂದಕ್ಕೆ ಉರುಳಿತು. "ಹಿಡ್ಕೊಂಡು ಹೋಗಿ, ಒಳಗೆ ಹಾಕಿ! ಮಾತು ಕೊಟ್ಟಿದೀನಿ. ನಮ್ಮಪ್ಪ ಸತ್ತಾಗ ವಾರಗಟ್ಟಲೆ ನನ್ನ ಮನೇಲಿ ಮಲಗಿ ನಂಗೆ ಅನ್ನ ಬೇಯಿಸಿ ಹಾಕಿದವನು ಮರ್ವಿನ್. ನಿಮ್ಮ ಬಿಲ್ಲೆ ನೋಡಿ ಅವನನ್ನ ಬಿಟ್ಟುಕೊಡ್ತೀನಾ?"

"ಅವನು ಬದುಕಿದಾನಾ? ಅಷ್ಟು ಹೇಳು."

ಕ್ಲೆಮ್ ನನಗೆ ಬೆನ್ನು ಹಾಕಿದ. ಕಿಟಕಿಯಾಚೆ ಬೆಟ್ಟದ ನೆತ್ತಿಯ ಹಿಮವನ್ನೇ ನೋಡುತ್ತ ನಿಂತ.

ಆಗ ಹೆಟ್ಟಿ ಎದ್ದಳು. ಮೇಜು ಸುತ್ತಿ ಬಂದು ಮಾತ್ರೆಯ ಶೀಶೆಯನ್ನು ಅವನ ಮುಂದೆ ಹಿಡಿದಳು.

"ನೀನು ಅವನ ಸ್ನೇಹಿತ. ನಾನು ತಂಗಿ. ಗುಟ್ಟು ಇಟ್ಕೋ, ಬೇಡ ಅನ್ನಲ್ಲ. ಇದನ್ನಾದ್ರೂ ಅವನಿಗೆ ತಲುಪಿಸು. ನಾಳೆ ಅವನು ಇಲ್ಲ ಅಂತ ಆದ್ರೆ, ಯಾವ ಗುಟ್ಟು ಕಾಯ್ತೀಯ?"

ಕ್ಲೆಮ್ ಶೀಶೆ ನೋಡಿದ. ಅವಳ ಮುಖ ನೋಡಿದ. ಆ ಕಂಬದಂಥ ಆಳು ಒಳಗಿಂದ ಕರಗುವುದನ್ನು ನಾನು ಕಣ್ಣಾರೆ ಕಂಡೆ.

"ಅವನಿಗೆ ಹಾರ್ಟ್ ತೊಂದ್ರೆ ಇದೆ ಅಂತ ನಂಗೊತ್ತಿರಲಿಲ್ಲ," ಎಂದ. "ಒಂದು ಸಲಾನೂ ಹೇಳಿಲ್ಲ." ಕುರ್ಚಿ ಎತ್ತಿ ನಿಲ್ಲಿಸಿ ಅದರಲ್ಲಿ ಕುಸಿದು ಕೂತ. "ಗುರುವಾರ ಮಧ್ಯಾಹ್ನ ಕೆಟರಿಂಗ್ ಊರಿನ ದಕ್ಕೆಗೆ ಬಂದ. ಓಡ್ತಾ ಬಂದ. ಮುಖ ಸುಣ್ಣದ ಹಾಗೆ. ಎದೆಗೆ ಹೊಸ ಪುಸ್ತಕ ಅವಚ್ಕೊಂಡಿದ್ದ. 'ಬ್ರೂನಿ ದ್ವೀಪದಲ್ಲಿ ನಿನ್ನ ಹಲಗೆಮನೆ ಖಾಲಿ ಇದೆಯಲ್ಲ, ಅಲ್ಲಿಗೆ ಬಿಡು. ಯಾರಿಗೂ ಹೇಳಬೇಡ, ಶನಿವಾರ ಸಂಜೆ ಕಳೀಲಿ,' ಅಂದ. ಯಾಕೋ ಅಂದೆ. 'ನನ್ನ ಕೊಲ್ತಾರೆ' ಅಂದ. ಯಾರು ಅಂದೆ. ಬಾಯಿ ಬಿಡಲಿಲ್ಲ. ದೋಣೀಲಿ ಹೋಗ್ತಾ ನಾನೇ ಮನಸ್ಸು ತಿರುಗಿಸಕ್ಕೆ ಆಟದ ಮಾತು ತೆಗೆದೆ. ಆಗ ಪರ್ಸಿವಲ್ ಹೆಸರು ಹೇಳಿ ಒಂದು ಗಳಿಗೆ ನಕ್ಕ. ಅಷ್ಟೇ."

"ಏಳು," ಎಂದೆ. "ದೋಣಿ ತೆಗಿ."

ಒಬ್ಬಳೇ ಹೋಗಬೇಕೆಂದಿದ್ದೆ. ಆದರೆ ಪ್ರೂ ಆಗಲೇ ಕೋಟು ಹಾಕಿಕೊಂಡಿದ್ದಳು, ಹೆಟ್ಟಿ ನನ್ನ ತೋಳು ಬಿಡಲಿಲ್ಲ, ಓಸ್ವಿನ್ ತುಪ್ಪಳ ಸಮೇತ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬೆಲ್ಟು ಕಟ್ಟಿಕೊಂಡಿದ್ದ. ಯಾರನ್ನೂ ಕಣ್ಣಿಂದ ಮರೆಮಾಡದಿರುವುದೇ ಮೇಲು ಎನಿಸಿತು. ಸೈರನ್ ಹಾಕಿ ದಕ್ಷಿಣಕ್ಕೆ ಬಿಟ್ಟೆ. ದಾರಿಯಲ್ಲಿ ಎದುರಾದ ಒಂದು ಬಸ್ಸಿನ ತುಂಬ ಮಾಂತ್ರಿಕರು. ನಮ್ಮ ಕಾರಿನೊಳಗಿನ ಟೋಪಿ ತುಪ್ಪಳ ಕಂಡು ಕಿಟಕಿಯಿಂದ ಕತ್ತಿ ಎತ್ತಿ ಜಯಕಾರ ಹಾಕಿದರು.

ಜಲಸಂಧಿಯಲ್ಲಿ ಗಾಳಿ ಎದ್ದಿತ್ತು. ಕ್ಲೆಮ್‌ನ ದೋಣಿ ಅಲೆಯಿಂದ ಅಲೆಗೆ ಹಾರಿ ದಪ್ಪೆಂದು ಬೀಳುತ್ತಿತ್ತು. ಓಸ್ವಿನ್ ವಾಂತಿ ಬರುವವನ ಹಾಗೆ, ಕಂಬಿ ಹಿಡಿದು ಬಾಗಿ ನಿಂತಿದ್ದ.

"ಗ್ರುಂಕ್, ಗುದ್ದಯ್ಯಾ ಅಲೆಗೆ!" ಎಂದು ಪ್ರೂ ಕೆಣಕಿದಳು.

"ಗ್ರುಂಕ್‌ಗೆ ತಿಂದಿದ್ದ ಪೈ ನೆನಪಾಗ್ತಿದೆ," ಎಂದು ಅವನು ಮತ್ತೆ ಬಾಗಿದ.

ಹೆಟ್ಟಿ ಮುಂದುಗಡೆ, ಗಾಳಿಗೆ ಮುಖ ಕೊಟ್ಟು ನಿಂತಿದ್ದಳು. ಕ್ಲೆಮ್‌ನನ್ನು ಕೂಗಿ ಕೇಳಿದಳು: "ಆ ಹೊಸ ಪುಸ್ತಕದ ಬಗ್ಗೆ ಅವನು ಏನಾದ್ರೂ ಅಂದ್ನಾ?"

"ಏನೂ ಅನ್ನಲಿಲ್ಲ. ಮಧ್ಯೆ ಒಂದು ಪುಟ ಮಡಿಚಿಟ್ಟಿದ್ದ."

ಅಣ್ಣನ ಜೀವದ ಚಿಂತೆಯಲ್ಲಿರುವವಳು ಕೇಳುವ ಪ್ರಶ್ನೆಯೇನು ಇದು ಎಂದು ನನಗೆ ಕ್ಷಣಮಾತ್ರ ಅನಿಸಿತು. ಅಷ್ಟರಲ್ಲಿ ಒಂದು ಅಲೆ ಬಂದು ನನ್ನನ್ನು ತಲೆಯಿಂದ ಕಾಲಿನವರೆಗೆ ತೋಯಿಸಿ ಯೋಚನೆಯನ್ನೂ ತೊಳೆದುಕೊಂಡು ಹೋಯಿತು.

ದ್ವೀಪದ ಆ ಮೂಲೆಯಲ್ಲಿ ಕ್ಲೆಮ್‌ನ ಹಲಗೆಮನೆ ಬಿಟ್ಟರೆ ಬೇರೊಂದು ಸೂರಿಲ್ಲ. ಫೋನೂ ಹಿಡಿಯುವುದಿಲ್ಲ. ಸಣ್ಣ ಕಟ್ಟೆಗೆ ದೋಣಿ ಕಟ್ಟಿ ಎಲ್ಲರೂ ಇಳಿದೆವು. ಓಸ್ವಿನ್ ಮಾತ್ರ ದೋಣಿಯ ತಳದಲ್ಲಿ ಮಲಗಿ ಕೈ ಆಡಿಸಿದ. "ನೀವು ಹೋಗಿ. ನನಗೆ ಆಕಾಶ ಸ್ವಲ್ಪ ನಿಲ್ಲಲಿ."

ಚಿಮಣಿಯಿಂದ ಹೊಗೆ ಬರುತ್ತಿತ್ತು. ನನ್ನ ಎದೆ ಹಗುರಾಯಿತು. ಸತ್ತವರು ಒಲೆ ಹೊತ್ತಿಸುವುದಿಲ್ಲ.

ಕ್ಲೆಮ್ ಬಾಗಿಲು ತಟ್ಟಿದ. "ನಾನು ಕಣೋ."

"ಒಬ್ಬನೇನಾ?" ಒಳಗಿನಿಂದ ದನಿ.

"ಅಲ್ಲ. ಪ್ರೂ ಇದಾಳೆ. ಪೊಲೀಸರಿದಾರೆ. ಕ್ಷಮಿಸೋ, ನಿನ್ನ ಔಷಧಿ..."

"ಯಾವ ಔಷಧಿ?"

ಚಿಲಕ ಸರಿಯಿತು. ಗಡ್ಡ ಬೆಳೆದ, ಕ್ಲೆಮ್‌ನ ಸಡಿಲ ಸ್ವೆಟರ್ ತೊಟ್ಟ ಮರ್ವಿನ್ ಟ್ರಾಸ್ಕ್ ಬಾಗಿಲಲ್ಲಿ ನಿಂತಿದ್ದ. ಜೀವಂತ. ಪ್ರೂ ಅವನ ಕೊರಳಿಗೆ ಜೋತುಬಿದ್ದು ಬೆನ್ನಿಗೆ ಗುದ್ದುತ್ತ, "ಪಾಪಿ! ಪಾಪಿ! ಹೇಳಿ ಹೋಗಕ್ಕಾಗಲ್ವಾ?" ಎಂದು ಅತ್ತಳು. ಅವನೂ ನಕ್ಕ. ಅವಳ ಹೆಗಲ ಮೇಲಿಂದ ನಮ್ಮ ಕಡೆ ನೋಡಿದ.

ನಗು ಅಲ್ಲೇ ನಿಂತಿತು.

ಪ್ರೂಳನ್ನು ತಳ್ಳಿ ಒಳಕ್ಕೆ ಹಿಂದೆಹಿಂದೆ ಸರಿದ. ಒಲೆಯ ಪಕ್ಕದ ಕಬ್ಬಿಣದ ಸಲಾಕೆ ಕೈಗೆ ತೆಗೆದುಕೊಂಡ.

"ಅವಳನ್ನ ಒಳಗೆ ಬಿಡಬೇಡಿ."

"ಯಾರನ್ನ? ನಿನ್ನ ತಂಗಿನಾ?" ಎಂದೆ.

"ನನಗೆಲ್ಲಿದಾಳೆ ತಂಗಿ? ನಮ್ಮಮ್ಮನಿಗೆ ನಾನೊಬ್ಬನೇ. ನನ್ನೊಬ್ಬನಿಂದಲೇ ಅವಳಿಗೆ ಸಾಕಾಗಿ ಹೋಗಿತ್ತು."

ನಾನು ತಿರುಗಿದೆ. ಹೆಟ್ಟಿಯ ಮುಖದಲ್ಲಿ ಅಳುವಿನ ಗುರುತೂ ಇರಲಿಲ್ಲ. ಮಾತ್ರೆಯ ಶೀಶೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಒದ್ದೆ ಕನ್ನಡಕ ಒರೆಸಿಕೊಂಡಳು.

"ಬರೀ ವಿಟಮಿನ್ನು ಸಾರ್ಜೆಂಟ್. ಹೆದರಬೇಡಿ. ಇವನ ಹಾರ್ಟಿಗೆ ಏನೂ ಆಗಿಲ್ಲ. ಇದ್ದರೆ ತಾನೇ ಆಗೋದು. ತಂಗಿ ಅನ್ನದಿದ್ರೆ ನೀವು ನನ್ನ ಮಾತು ಕೇಳ್ತಿರಲಿಲ್ಲ, ಇವನನ್ನ ಹುಡುಕ್ತಿರಲಿಲ್ಲ. ತಪ್ಪು ನನ್ನದೇ. ಆಮೇಲೆ ಬೇಕಾದ್ರೆ ಹಿಡ್ಕೊಂಡು ಹೋಗಿ."

"ಯಾರು ನೀನು?"

"ಅವನನ್ನೇ ಕೇಳಿ."

ಎಲ್ಲರೂ ಮರ್ವಿನ್ ಕಡೆ ನೋಡಿದೆವು. ಸಲಾಕೆ ಹಿಡಿದ ಕೈ ಮೆಲ್ಲಗೆ ಇಳಿಯಿತು.

"ಅವಳು ಬರೆಯೋಳು," ಎಂದ.

"ಏನು ಬರೆಯೋಳು?" ಕ್ಲೆಮ್‌ಗೆ ಅರ್ಥವಾಗಲಿಲ್ಲ.

"ಪುಸ್ತಕಗಳನ್ನ. ಎಲ್ಲಾನೂ." ಮರ್ವಿನ್ ನೆಲ ನೋಡುತ್ತ ಹೇಳಿದ. "ಆಟ ಆಡಿಸೋದು ನಾನು. ನಾವು ಆಡಿದ್ದನ್ನೆಲ್ಲ ಧ್ವನಿಮುದ್ರಣ ಮಾಡಿ ಇವಳಿಗೆ ಕಳಿಸ್ತಿದ್ದೆ. ಬರ್ನೀಲಿ ಕೂತು ಇವಳು ಬರೀತಿದ್ಲು. ಹೆಸರು ನನ್ನದು ಹಾಕ್ತಿದ್ರು. ಹೆಟ್ಟಿಗೆ ಜನ ಕಂಡ್ರೆ ಆಗ್ತಿರಲಿಲ್ಲ, ನನಗೆ ಬರೆಯಕ್ಕೆ ಬರ್ತಿರಲಿಲ್ಲ. ಇಬ್ಬರಿಗೂ ಒಪ್ಪಿಗೆ ಇತ್ತು."

"ಮೊದಲು ಇತ್ತು," ಎಂದಳು ಹೆಟ್ಟಿ.

ಪ್ರೂ ಹೆಟ್ಟಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ವರ್ಷಗಟ್ಟಲೆ ಅವಳ ಕಳ್ಳಿ ಹೆಸ್ಟರ್‌ಳನ್ನು ನಾಡಿನ ಜನ ನಕ್ಕು ನಕ್ಕು ಪ್ರೀತಿಸುವ ಹಾಗೆ ಬರೆದ ಕೈ, ಈ ಒದ್ದೆ ಕೋಟಿನ ಅಪರಿಚಿತಳದು.

"ಸರಿ," ಎಂದೆ. "ಅದು ನಿಮ್ಮಿಬ್ಬರ ಮೋಸ. ಕೊಲ್ತಾರೆ ಅಂದದ್ದು ಯಾಕೆ?"

ಮರ್ವಿನ್ ಮೇಜಿನ ಮೇಲಿದ್ದ ಹೊಸ ಪುಸ್ತಕ ಎತ್ತಿಕೊಂಡ. "ನಾನು ನನ್ನ ಪುಸ್ತಕ ಓದೋನಲ್ಲ. ನಾಚಿಕೆ ಆಗುತ್ತೆ. ಗುರುವಾರ, ವೇದಿಕೆ ಮೇಲೆ ಓದಕ್ಕೆ ಒಂದು ಭಾಗ ಹುಡುಕೋಣ ಅಂತ ಮೊದಲ ಸಲ ಬಿಚ್ಚಿದೆ." ಮಡಿಚಿದ ಪುಟ ತೆಗೆದು ನನ್ನ ಕೈಗಿತ್ತ.

ಓದಿದೆ. ಮುರುಕು ಕತ್ತಿಯ ಮೂವರ ಕಥೆಯನ್ನು ಸಭೆಯಲ್ಲಿ ನಿಂತು ಹೇಳುವ ಒಬ್ಬ ಕಥೆಗಾರ ಅದರಲ್ಲಿದ್ದ. ಉಗುಳು ನುಂಗುತ್ತ ಮಾತಾಡುವವನು. ತುಂಬಿದ ಸಭೆಯಲ್ಲಿ, ದಾಳ ಎಸೆಯಲು ಕೈ ಎತ್ತಿದವನು ಹಾಗೇ ಕುಸಿದು ಸಾಯುತ್ತಾನೆ. ಅದೂ ಆಟದ ಭಾಗವೆಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಒಂದು ವಾಕ್ಯದಲ್ಲೂ ನಗುವಿರಲಿಲ್ಲ.

"ಇದು ನಾನಲ್ದೆ ಇನ್ಯಾರು?" ಎಂದ ಮರ್ವಿನ್. "ವರ್ಷದಿಂದ ಅವಳು ಫೋನಿಗೆ ಉತ್ತರ ಕೊಟ್ಟಿರಲಿಲ್ಲ. ಹಸ್ತಪ್ರತಿ ಮಾತ್ರ, ಕಳಿಸಿದವರ ಹೆಸರಿಲ್ಲದೆ ಅಂಚೇಲಿ ಬಂತು; ಅವಳದೇ ಅಂತ ಓದದೆ ಅಚ್ಚಿಗೆ ಕೊಟ್ಟೆ. ಇದನ್ನ ಬರೆದವಳು ಊರಿಗೆ ಬಂದಿದಾಳೆ ಅಂತ ಗೊತ್ತಾದ್ಮೇಲೂ ನಾನು ವೇದಿಕೆ ಹತ್ತಬೇಕಿತ್ತೇನು? ಗುರುವಾರ ಬೆಳಗ್ಗೆ ನನ್ನ ಮನೆ ಎದುರು ನಿಂತಿದ್ಲು!"

ಹೆಟ್ಟಿ ಕೈಚಾಚಿದಳು. ಪುಸ್ತಕ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಓದುತ್ತ ಓದುತ್ತ ಅವಳ ತುಟಿಗಳು ಬಿಳಿಚಿಕೊಂಡವು. ಆ ಬಿಳುಪು ನಟನೆಯಲ್ಲ. ಅವಳ ನಟನೆಯನ್ನು ಎರಡು ದಿನ ನೋಡಿ ಬಲ್ಲೆ.

"ಮರ್ವಿನ್," ಎಂದಳು, "ನಾನು ಬಂದದ್ದು ಯಾಕೆ ಗೊತ್ತಾ? ಏಳನೇ ಪುಸ್ತಕ ಬರ್ತಿದೆ ಅಂತ ಪತ್ರಿಕೇಲಿ ನೋಡಿ ಬಂದೆ. ಅಷ್ಟು ಧೈರ್ಯ ಬಂತಾ ಇವನಿಗೆ, ನನ್ನ ಬಿಟ್ಟು ತಾನೇ ಬರೆದನಾ, ಕೇಳೇಬಿಡೋಣ ಅಂತ ಬಂದೆ."

"ನಾನಾ? ನನಗೆ ಒಂದು ಹುಟ್ಟುಹಬ್ಬದ ಕಾರ್ಡು ಬರೆಯಕ್ಕೂ ಬರಲ್ಲ, ನಿನಗೆ ಗೊತ್ತು."

"ಗೊತ್ತು. ಅದಕ್ಕೇ ಹೆದರಿಕೆ ಆಗ್ತಿದೆ." ಪುಸ್ತಕ ಮುಚ್ಚಿ ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ ಹಿಡಿದಳು. "ಆರು ನನ್ನವು. ಇದರಲ್ಲಿ ಒಂದು ಅಕ್ಷರಾನೂ ನನ್ನದಲ್ಲ."

ಒಲೆಯಲ್ಲಿ ಒಂದು ಕೊಳ್ಳಿ ಸಿಡಿಯಿತು.

"ಆಟದ ಮೇಜಿನ ಮೇಲೆ ಏನೇನು ನಡೀತು ಅಂತ ಒಳಗೆ ಕೂತು ಕೇಳಿದವರು ಬರೆದದ್ದು," ಎಂದೆ ನಾನು, ಯೋಚನೆ ಬಾಯಿಂದಲೇ ಹರಿದು ಬರುವ ಹಾಗೆ. "ಮರ್ವಿನ್, ನಿನ್ನ ಬಿಟ್ಟರೆ ಆ ಶೆಡ್ಡಿನಲ್ಲಿ ಯಾವಾಗಲೂ ಇದ್ದವರು ಮೂವರೇ."

ಪ್ರೂ ಕ್ಲೆಮ್‌ನನ್ನು ನೋಡಿದಳು. ಕ್ಲೆಮ್ ಪ್ರೂಳನ್ನು ನೋಡಿದ.

ಆಗ ಹೊರಗೆ ಎಂಜಿನ್ನು ಗುಡುಗಿತು.

ಎಲ್ಲರಿಗಿಂತ ಮೊದಲು ಕ್ಲೆಮ್ ಬಾಗಿಲು ದಾಟಿ ಓಡಿದ, ನೀರಿಗೆ ಮೊಣಕಾಲುದ್ದ ಇಳಿದು ಕೂಗಿದ. "ಓಸ್ವಿನ್! ಏ ಮೇಷ್ಟ್ರೇ! ಅದನ್ನ ಮುಟ್ಟಬೇಡಿ! ಎದುರಿಗೆ ಬಂಡೆ ಇದೆ!" ನನ್ನ ಕಡೆ ತಿರುಗಿದ ಅವನ ಮುಖದಲ್ಲಿ ಗಾಬರಿಯಷ್ಟೇ ಇತ್ತು. "ಅವನಿಗೆ ದೋಣಿ ನಡೆಸಕ್ಕೆ ಬರಲ್ಲ ಕಣ್ರೀ! ಹುಟ್ಟಿದಾಗಿಂದ ಒಂದು ಸಲಾನೂ ಮುಟ್ಟಿಲ್ಲ!"

ದೋಣಿ ಬಂಡೆಗಳ ನಡುವಿನ ಸಂದಿಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ನುಸುಳಿ ಹೊರಬಿತ್ತು. ಆಮೇಲೆ ಮೂತಿಯನ್ನು ಹೋಬಾರ್ಟ್ ಕಡೆಗೆ ನೇರ ಮಾಡಿ ವೇಗ ಹೆಚ್ಚಿಸಿತು. ಚುಕ್ಕಾಣಿಯ ಮುಂದೆ ಓಸ್ವಿನ್ ಬ್ಯಾಗಟ್ ಕಂಬದ ಹಾಗೆ ನೆಟ್ಟಗೆ ನಿಂತಿದ್ದ. ಹೆಗಲ ತುಪ್ಪಳ ಗಾಳಿಗೆ ಹಾರುತ್ತಿತ್ತು. ಏಳನೆಯ ಪುಸ್ತಕ ಬರೆದವರು ಯಾರೆಂದು ಇನ್ನು ಕೇಳಬೇಕಿರಲಿಲ್ಲ. ಅಲೆ ಎದ್ದು ಬಡಿದರೂ ಅವನು ಅಲುಗಲಿಲ್ಲ, ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.